ಕನ್ನಡಿ ಹೇಳಿದ್ದೇ ಬೇರೆ, ಮೈ ಹೇಳಿದ್ದೇ ಬೇರೆ!

ಗಂಟಲು ಕಟ್ಟಿದವರು ಡಾಕ್ಟರ ಹತ್ತಿರ ಹೋಗುತ್ತಾರೆ, ಔಷಧಿ ತರುತ್ತಾರೆ, ಬಿಸಿನೀರು ಕುಡಿದು ಮಲಗುತ್ತಾರೆ. ಆಸ್ಟ್ರೇಲಿಯಾದ ಒಬ್ಬ ಯುವಕ ಮಾತ್ರ ಡಾಕ್ಟರಿಗೇ ಒಂದು ಪ್ರಶ್ನೆ ಹಾಕಿದ. ಆ ಪ್ರಶ್ನೆಯ ಎಳೆ ಹಿಡಿದು ಹೊರಟರೆ ಎಲ್ಲೆಲ್ಲಿಗೆ ಹೋಗಿ ಮುಟ್ಟುತ್ತೇವೆ ಗೊತ್ತೇ? ಬರ್ನಾರ್ಡ್ ಶಾ ಕೂತು ಎದ್ದ ಕುರ್ಚಿಗೆ, ಆಲ್ಡಸ್ ಹಕ್ಸ್ಲಿಯ ಕಾದಂಬರಿಗೆ, ಕೊನೆಗೆ ನೊಬೆಲ್ ಉಪನ್ಯಾಸದ ವೇದಿಕೆಗೆ!

ಹೆಸರು ಫ್ರೆಡರಿಕ್ ಮಥಾಯಸ್ ಅಲೆಕ್ಸಾಂಡರ್. 1869ರಲ್ಲಿ ಟಾಸ್ಮೇನಿಯಾ ದ್ವೀಪದಲ್ಲಿ ಹುಟ್ಟಿದವನು. ಶೇಕ್ಸ್‌ಪಿಯರನ ನಾಟಕದ ಮಾತುಗಳನ್ನು ವೇದಿಕೆಯ ಮೇಲೆ ಒಬ್ಬನೇ ನಿಂತು, ಭಾವ ತುಂಬಿ ಹೇಳುವುದು ಅವನ ವೃತ್ತಿ. ಮೈಕು ಇಲ್ಲದ ಕಾಲ. ಕೊನೆಯ ಸಾಲಿನಲ್ಲಿ ಕೂತವನಿಗೂ ಕೇಳಬೇಕು. ಅಂಥವನ ದನಿ ಹೇಳುತ್ತ ಹೇಳುತ್ತಲೇ ಒಡೆಯತೊಡಗಿತು. ಗಂಟಲಿಗೆ ಔಷಧಿ ಸಿಂಪಡಿಸಿದ್ದಾಯಿತು, ಆವಿ ತೆಗೆದುಕೊಂಡದ್ದಾಯಿತು, ಯಾವುದಕ್ಕೂ ಜಗ್ಗಲಿಲ್ಲ. ಮುಖ್ಯವಾದ ಕಾರ್ಯಕ್ರಮವೊಂದು ಹತ್ತಿರ ಬಂದಾಗ ಡಾಕ್ಟರು ಎರಡು ವಾರ ಆದಷ್ಟೂ ಮಾತಾಡಬೇಡ ಎಂದರು. ಆಡಲಿಲ್ಲ. ವೇದಿಕೆ ಹತ್ತಿದಾಗ ದನಿ ಸ್ವಚ್ಛ, ಸಲೀಸು. ಅರ್ಧ ದಾಟುವಷ್ಟರಲ್ಲಿ ಮತ್ತೆ ಅದೇ ಪಾಡು. ಮುಗಿಯುವ ಹೊತ್ತಿಗೆ ಮಾತೇ ಹೊರಡದು.

ಆಗ ಬಂತು ಆ ಪ್ರಶ್ನೆ. ಶುರುವಿನಲ್ಲಿ ಸರಿಯಿದ್ದ ಗಂಟಲು ಕೊನೆಯಲ್ಲಿ ಕೆಟ್ಟಿದೆ ಎಂದಮೇಲೆ, ನಡುವೆ ನಾನೇ ಏನೋ ಮಾಡಿಕೊಳ್ಳುತ್ತಿರಬೇಕಲ್ಲವೇ? ಡಾಕ್ಟರು ಹೌದು, ಹಾಗೇ ಇರಬೇಕು ಎಂದರು. ಹಾಗಾದರೆ ಏನದು? ಅವರಿಗೂ ತಿಳಿಯದು. ಸರಿ, ನಾನೇ ಕಂಡುಹಿಡಿಯುತ್ತೇನೆ ಎಂದು ಅವನು ಮನೆಗೆ ಬಂದು ಕನ್ನಡಿಯ ಮುಂದೆ ನಿಂತ.

ಮೊದಲು ಮಾಮೂಲಿಯಾಗಿ ಮಾತಾಡಿ ನೋಡಿದ. ವಿಶೇಷವೇನೂ ಕಾಣಲಿಲ್ಲ. ಆಮೇಲೆ ವೇದಿಕೆಯ ಮೇಲೆ ಹೇಳುವ ಹಾಗೆ ಹೇಳಿದ. ಮೂರು ಸಂಗತಿಗಳು ಕಣ್ಣಿಗೆ ಹೊಡೆದವು. ತಲೆ ಹಿಂದಕ್ಕೆ ಜಗ್ಗುತ್ತಿದೆ. ಧ್ವನಿಪೆಟ್ಟಿಗೆ ಕೆಳಕ್ಕೆ ಅದುಮಿಕೊಳ್ಳುತ್ತಿದೆ. ಉಸಿರು ಬಾಯಿಂದ ಸೊರ್ರೆಂದು ಒಳಕ್ಕೆ ಎಳೆದುಕೊಳ್ಳುತ್ತಿದೆ. ಇಷ್ಟು ಗೊತ್ತಾದಮೇಲೆ ತಿರುಗಿ ಮಾಮೂಲಿ ಮಾತಿಗೆ ಬಂದು ನೋಡಿದರೆ, ಅಲ್ಲೂ ಅವೇ ಮೂರು! ಸಣ್ಣದಾಗಿ, ಗುಟ್ಟಾಗಿ. ಇಷ್ಟು ದಿನ ಕಣ್ಣ ಮುಂದೆಯೇ ಇದ್ದವು, ನೋಡಲು ಕಲಿತಿರಲಿಲ್ಲ, ಅಷ್ಟೆ.

ಮೂರರಲ್ಲಿ ಯಾವುದು ಮೂಲ? ಉಸಿರನ್ನು ನೇರವಾಗಿ ತಡೆಯಲಾಗಲಿಲ್ಲ, ಧ್ವನಿಪೆಟ್ಟಿಗೆಯೂ ಮಾತು ಕೇಳಲಿಲ್ಲ. ತಲೆ ಹಿಂದಕ್ಕೆ ಹೋಗುವುದನ್ನು ಮಾತ್ರ ಒಂದಿಷ್ಟು ತಡೆಯಲಾಯಿತು. ತಡೆದಾಗ ಉಳಿದೆರಡೂ ತಾವಾಗಿಯೇ ಸಡಿಲಾದವು! ದನಿ ಕಟ್ಟುವುದು ಕಡಿಮೆಯಾಯಿತು. ಗಂಟಲ ತೊಂದರೆಯ ಬೀಗದಕೈ ಕತ್ತಿನ ಹಿಂದೆ ಇತ್ತು ಎಂದರೆ ಯಾರು ನಂಬಬೇಕು?

ನಿಜವಾಗಿ ಮೈ ಜುಮ್ಮೆನ್ನುವ ಘಟ್ಟ ಬರುವುದು ಇದರ ನಂತರ. ತಲೆಯನ್ನು ಮುಂದಕ್ಕೆ, ಮೇಲಕ್ಕೆ ಇಟ್ಟುಕೊಂಡು ಮಾತಾಡೋಣ ಎಂದು ತೀರ್ಮಾನಿಸಿದ. ಹಾಗೇ ಇಟ್ಟುಕೊಂಡ. ಇಟ್ಟುಕೊಂಡಿದ್ದೇನೆ ಎಂದು ಮೈಯೆಲ್ಲ ಸಾಕ್ಷಿ ಹೇಳುತ್ತಿತ್ತು. ಯಾಕೋ ಅನುಮಾನ ಬಂದು ಎರಡು ಪಕ್ಕಕ್ಕೂ ಕನ್ನಡಿ ನಿಲ್ಲಿಸಿ ನೋಡಿದ. ಮಾತು ಶುರುವಾಗುವ ಗಳಿಗೆಗೆ ಸರಿಯಾಗಿ ತಲೆ ಹಿಂದಕ್ಕೇ ಹೋಗುತ್ತಿದೆ! ಮುಂದಕ್ಕೆ ಒಯ್ಯುತ್ತಿದ್ದೇನೆ ಎಂದು ಅವನಿಗೆ ಖಾತ್ರಿಯಾಗಿ ಅನ್ನಿಸುತ್ತಿದ್ದ ಅದೇ ಕ್ಷಣದಲ್ಲಿ!

ಈ ಸಾಲನ್ನು ಇನ್ನೊಮ್ಮೆ ಓದಿಕೊಳ್ಳಿ. ನಮ್ಮ ತಲೆ ಎಲ್ಲಿದೆ ಎಂಬುದೇ ನಮಗೆ ಗೊತ್ತಿಲ್ಲ ಅಂದಂತಾಯಿತು. ಕಣ್ಣು ಮುಚ್ಚಿದರೂ ಕೈಕಾಲು ಎಲ್ಲಿವೆ ಎಂದು ತಿಳಿಸುವ ಒಳಗಿನ ಇಂದ್ರಿಯವೊಂದು ನಮಗಿದೆ. ಬಹುದಿನದ ರೂಢಿ ಆ ಇಂದ್ರಿಯವನ್ನೇ ಬುಟ್ಟಿಗೆ ಹಾಕಿಕೊಂಡಿರುತ್ತದೆ. ಸೊಟ್ಟಗಿರುವುದೇ ನೆಟ್ಟಗೆ ಅನ್ನಿಸುತ್ತದೆ, ನೆಟ್ಟಗಾದರೆ ಎಲ್ಲೋ ವಾಲಿಬಿಟ್ಟೆ ಅನ್ನಿಸುತ್ತದೆ. ಇಂಥ ಅನ್ನಿಸಿಕೆಯನ್ನು ನಂಬಿಕೊಂಡು ಮೈ ತಿದ್ದಲು ಹೊರಡುವುದು ಸುಳ್ಳು ತಕ್ಕಡಿಯಲ್ಲಿ ತೂಗಿ ಲೆಕ್ಕ ಸರಿಮಾಡಿದ ಹಾಗೆ.

ನಮ್ಮ ಮನೆಗಳಲ್ಲಿ ದಿನಬೆಳಗಾದರೆ ಕೇಳುವ ಮಾತಿದೆಯಲ್ಲ, 'ಗೂನಾಗ್ತೀಯ ನೋಡು, ನೆಟ್ಟಗೆ ಕೂತ್ಕೋ' ಅಂತ. ಬೈಸಿಕೊಂಡ ಹುಡುಗ ಏನು ಮಾಡುತ್ತಾನೆ ನೋಡಿ. ಎದೆ ಉಬ್ಬಿಸುತ್ತಾನೆ, ಸೊಂಟ ಒಳಕ್ಕೆ ಬಾಗಿಸುತ್ತಾನೆ, ಗದ್ದ ಎತ್ತುತ್ತಾನೆ, ಅದರ ಜೊತೆಗೇ ತಲೆ ಹಿಂದಕ್ಕೆ ಜಗ್ಗುತ್ತಾನೆ. ಹಳೆಯ ಬಿಗಿತ ಹಾಗೇ ಉಳಿದು ಅದರ ಮೇಲೆ ಹೊಸ ಬಿಗಿತವೊಂದು ಬಂದು ಕೂತಿತು. ಸುಸ್ತಾಗಿ ಎರಡೇ ನಿಮಿಷಕ್ಕೆ ಕುಸಿಯದೆ ಇನ್ನೇನಾದೀತು! ಅಲೆಕ್ಸಾಂಡರನಿಗೂ ನಾಟಕದ ಗುರುವೊಬ್ಬ ಪಾದದಿಂದ ನೆಲವನ್ನು ಗಟ್ಟಿಯಾಗಿ ಹಿಡಿದು ನಿಲ್ಲು ಎಂದು ಹೇಳಿಕೊಟ್ಟಿದ್ದ. ಅವನು ವಿಧೇಯ ಶಿಷ್ಯ. ಕಾಲ್ಬೆರಳು ಮುದುಡಿ ನೆಲ ಕಚ್ಚಿಯೇ ಇಷ್ಟು ಕಾಲ ನಿಂತಿದ್ದ. ಬೆರಳಿಂದ ಕತ್ತಿನವರೆಗೆ ಇಡೀ ಮೈ ಒಂದೇ ಜಾಲ ಎಂಬುದು ಅವನಿಗೆ ತಿಳಿದದ್ದು ಹೀಗೆ.

ಅನ್ನಿಸಿಕೆ ಕೈಕೊಟ್ಟಮೇಲೆ ಹಿಡಿಯಲು ಏನು ಉಳಿಯಿತು? ಅವನು ಕಂಡುಕೊಂಡ ದಾರಿ ಎಷ್ಟು ಸರಳವೆಂದರೆ ಮೊದಲು ನಗು ಬರುತ್ತದೆ. ಸರಿಯಾಗಿ ಮಾಡುವ ಯತ್ನವನ್ನೇ ಬಿಟ್ಟ. ಒಂದು ವಾಕ್ಯ ಹೇಳಬೇಕು ಎನ್ನಿಸಿದ ಕೂಡಲೇ 'ಹೇಳುವುದಿಲ್ಲ' ಎಂದುಕೊಂಡು ಸುಮ್ಮನೆ ನಿಲ್ಲುತ್ತಿದ್ದ. ಕತ್ತು ಸಡಿಲವಾಗಲಿ, ತಲೆ ಮುಂದಕ್ಕೆ ಮೇಲಕ್ಕೆ ಹೋಗಲಿ, ಬೆನ್ನು ಉದ್ದವಾಗಲಿ, ಅಗಲವಾಗಲಿ ಎಂದು ಮನಸ್ಸಿನಲ್ಲೇ ಅಪ್ಪಣೆ ಕೊಡುತ್ತಿದ್ದ. ಆಗಮಾಡಲು ಸ್ನಾಯುಗಳನ್ನು ದುಡಿಸುತ್ತಿರಲಿಲ್ಲ. ಅಪ್ಪಣೆ ಹಾಗೇ ನಡೆಯುತ್ತಿರುವಾಗ ಕೊನೆಯ ಗಳಿಗೆಯಲ್ಲಿ ಹೊಸದಾಗಿ ನಿರ್ಧರಿಸುತ್ತಿದ್ದ: ವಾಕ್ಯ ಹೇಳಬಹುದು, ಹೇಳದೆಯೂ ಇರಬಹುದು, ಅದೆಲ್ಲ ಬಿಟ್ಟು ಸುಮ್ಮನೆ ಕೈ ಎತ್ತಲೂಬಹುದು! ಯಾವುದನ್ನೇ ಆರಿಸಿದರೂ ಅಪ್ಪಣೆ ನಿಲ್ಲಬಾರದು. ಹಳೆಯ ರೂಢಿಗೆ ಇದು ಅರ್ಥವೇ ಆಗಲಿಲ್ಲ. ಮಾತಿಗೆಂದು ಅದು ತಯಾರಾಗಿ ಕಾದಿರುವಾಗ ಕೈ ಮೇಲೆ ಹೋಗುತ್ತಿದೆಯಲ್ಲ! ಬಹಳ ಕಾಲ ಹೀಗೇ ಅಭ್ಯಾಸ ಮಾಡಿದಮೇಲೆ ಗಂಟಲೂ ಸರಿಹೋಯಿತು, ಮೊದಲಿಂದ ಕಾಡುತ್ತಿದ್ದ ಉಸಿರಾಟದ ತೊಂದರೆಯೂ ಹೋಯಿತು.

1904ರಲ್ಲಿ ಲಂಡನ್ನಿಗೆ ಬಂದ. ನಟರು ಬಂದರು, ಆಮೇಲೆ ಬರ್ನಾರ್ಡ್ ಶಾ ಸೇರಿದಂತೆ ಯಾರು ಯಾರೋ ಬಂದರು. ಅಮೆರಿಕದ ತತ್ತ್ವಜ್ಞಾನಿ ಜಾನ್ ಡ್ಯೂಯಿ ಅವನಿಂದ ಪಾಠ ಹೇಳಿಸಿಕೊಂಡು, ಅವನ ಮೂರು ಪುಸ್ತಕಗಳಿಗೆ ಮುನ್ನುಡಿ ಬರೆದ. ಹಕ್ಸ್ಲಿ ತನ್ನ 1936ರ ಕಾದಂಬರಿಯಲ್ಲಿ ಅವನ ನೆರಳುಳ್ಳ ಪಾತ್ರವೊಂದನ್ನೇ ತಂದ. ಪಾಠ ಎಂದರೆ ಆಸನವಲ್ಲ, ಕಸರತ್ತೂ ಅಲ್ಲ. ಕುರ್ಚಿಯಿಂದ ಏಳುವುದು, ಮತ್ತೆ ಕೂರುವುದು! ಕತ್ತಿನ ಮೇಲೆ ಗುರುವಿನ ಹಗುರ ಕೈ. ಏಳುವ ಆಸೆ ಹುಟ್ಟಿದ ಕ್ಷಣದಲ್ಲೇ ಶಿಷ್ಯನ ಕತ್ತು ಬಿಗಿಯುವುದು ಆ ಕೈಗೆ ಮೊದಲು ಗೊತ್ತಾಗುತ್ತದೆ, ಶಿಷ್ಯನಿಗೆ ಆಮೇಲೆ.

ಅವನ ಪುಸ್ತಕ ಓದಿ ಇದನ್ನೆಲ್ಲ ಕಲಿಯುತ್ತೇವೆ ಎಂದು ಹೊರಟವರಿಗೆ ಮೊದಲೇ ಹೇಳಿಬಿಡುತ್ತೇನೆ, ಆ ಗದ್ಯ ಜಗಿದರೂ ನುಂಗಲಾಗದಂಥದು. 1910ರ ಮೊದಲ ಪುಸ್ತಕದಲ್ಲಿ ಬಿಳಿಯರಲ್ಲದ ಜನಾಂಗಗಳ ಬಗ್ಗೆ ಆಡಿರುವ ಮಾತುಗಳಂತೂ ಇವತ್ತು ಓದಲು ಅಸಹ್ಯ. ತನ್ನ ತಲೆ ಎಲ್ಲಿದೆ ಎಂದು ಅಷ್ಟು ಚೊಕ್ಕವಾಗಿ ನೋಡಿದವನಿಗೆ ತನ್ನ ಕಾಲದ ವಕ್ರ ಕಾಣಲಿಲ್ಲ.

ಈಗ ನಿಮ್ಮ ಕತ್ತಿಗೇ ಬರೋಣ. ತಲೆಯ ಭಾರ ಸುಮಾರು ನಾಲ್ಕೂವರೆಯಿಂದ ಐದು ಕಿಲೋ. ಅದು ಬೆನ್ನುಮೂಳೆಯ ಮೇಲೆ ಕೂತಿರುವ ಕೀಲು ಎಲ್ಲಿದೆ ತೋರಿಸಿ ಎಂದರೆ ಹೆಚ್ಚಿನವರು ಅಂಗಿಯ ಕಾಲರಿನ ಹತ್ತಿರ ಉಬ್ಬಿರುವ ಮೂಳೆ ಮುಟ್ಟುತ್ತಾರೆ. ಅಲ್ಲವೇ ಅಲ್ಲ, ಅದಿರುವುದು ಎರಡು ಕಿವಿಗಳ ನಡುವೆ, ಅಷ್ಟು ಮೇಲೆ! ತಲೆಯ ಭಾರ ಆ ಕೀಲಿಗಿಂತ ತುಸು ಮುಂದಕ್ಕಿದೆ. ಬಸ್ಸಿನಲ್ಲಿ ನೆಟ್ಟಗೆ ಕೂತು ತೂಕಡಿಸುವವರ ತಲೆ ಸಾಮಾನ್ಯವಾಗಿ ಎದೆಯ ಕಡೆಗೇ ಬೀಳುವುದು ಅದಕ್ಕೆ. ಬೆರಳುಗಳನ್ನು ಕತ್ತಿನ ಹಿಂದೆ, ಬುರುಡೆಯ ಅಂಚಿನ ಕೆಳಗೆ ಮೆಲ್ಲಗಿಡಿ. ಕಣ್ಣು ಮುಚ್ಚಿ. ತಲೆ ಅಲುಗಿಸದೆ ರೆಪ್ಪೆಯೊಳಗೇ ಕಣ್ಣುಗುಡ್ಡೆಗಳನ್ನು ಎಡಕ್ಕೆ ಬಲಕ್ಕೆ ಹೊರಳಿಸಿ. ಬೆರಳಡಿ ಏನೋ ಮಿಸುಕಿತಲ್ಲ! ಅಲ್ಲಿ ನಾಲ್ಕು ಜೊತೆ ಪುಟ್ಟ ಸ್ನಾಯುಗಳಿವೆ. ಸ್ನಾಯು ಎಷ್ಟು ಹಿಗ್ಗಿದೆ ಎಂದು ಮಿದುಳಿಗೆ ವರದಿ ಮಾಡುವ ಸೂಕ್ಷ್ಮ ಅಂಗಗಳು ಅವುಗಳಲ್ಲಿ ಇರುವಷ್ಟು ದಟ್ಟವಾಗಿ ಮೈಯ ದೊಡ್ಡ ಸ್ನಾಯುಗಳಲ್ಲಿ ಇರುವುದಿಲ್ಲ. ಕಣ್ಣು ಅತ್ತ ಹೊರಳುವ ಮುನ್ಸೂಚನೆಗೇ ಅವು ಎಚ್ಚರಗೊಳ್ಳುತ್ತವೆ.

ಬೆರಳು ಅಲ್ಲೇ ಇರಲಿ. ಈಗ ಕುರ್ಚಿಯಿಂದ ಏಳಬೇಕು ಎಂದುಕೊಳ್ಳಿ. ಏಳಬೇಡಿ! ಬೆರಳಡಿಯ ಬಿಗಿತ ಸಿಕ್ಕಿತೇ? ಮತ್ತೆ ಎಂದುಕೊಳ್ಳಿ, ಮತ್ತೆ ಬಿಡಿ. ಕಾಲು ಇನ್ನೂ ಅಲುಗಿಯೇ ಇಲ್ಲ, ಕತ್ತು ಆಗಲೇ ಎದ್ದು ಹೊರಟಿದೆ.

ವಿಜ್ಞಾನ ಇದರ ಬಗ್ಗೆ ಏನು ಹೇಳುತ್ತದೆ? ನರವಿಜ್ಞಾನಿ ಚಾರ್ಲ್ಸ್ ಶೆರಿಂಗ್ಟನ್ 1946ರಲ್ಲೇ ಅಲೆಕ್ಸಾಂಡರನ ಕೆಲಸ ಮೆಚ್ಚಿ ಬರೆದಿದ್ದ. ಪ್ರಾಣಿಗಳ ನಡವಳಿಕೆಯ ಅಧ್ಯಯನಕ್ಕಾಗಿ 1973ರಲ್ಲಿ ನೊಬೆಲ್ ಹಂಚಿಕೊಂಡ ನಿಕೋ ಟಿನ್ಬರ್ಗನ್ ಅಂತೂ ಸಭೆಯನ್ನು ಬೆರಗಾಗಿಸಿದ. ಹಕ್ಕಿ ಮೀನುಗಳ ಬಗ್ಗೆ ಮಾತಾಡುತ್ತಾನೆ ಎಂದು ಕಾದಿದ್ದವರಿಗೆ ಉಪನ್ಯಾಸದ ದೊಡ್ಡ ಭಾಗದಲ್ಲಿ ಅಲೆಕ್ಸಾಂಡರನ ಕಥೆ ಹೇಳಿದ. ಟಿನ್ಬರ್ಗನ್ನೂ ಅವನ ಮನೆಯವರೂ ಈ ಪದ್ಧತಿಯ ಪಾಠ ತೆಗೆದುಕೊಂಡಿದ್ದರು. ನಿದ್ದೆ, ಉಸಿರಾಟ, ರಕ್ತದೊತ್ತಡದಲ್ಲೂ ವ್ಯತ್ಯಾಸ ಕಂಡದ್ದನ್ನು ಅಲ್ಲಿ ವಿವರಿಸಿದ.

ಅದು ಒಂದು ಮನೆಯ ಅನುಭವ. ಕಟ್ಟುನಿಟ್ಟಿನ ಪರೀಕ್ಷೆ ಬಂದದ್ದು 2008ರಲ್ಲಿ, ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ. ಹಳೆಯ ಬೆನ್ನುನೋವಿನ 579 ಜನರನ್ನು ಚೀಟಿ ಎತ್ತಿದ ಹಾಗೆ ಗುಂಪು ಮಾಡಿ ಒಂದು ವರ್ಷದ ನಂತರ ವಿಚಾರಿಸಿದರು. ಮಾಮೂಲಿ ಚಿಕಿತ್ಸೆಯವರಿಗೆ ನಾಲ್ಕು ವಾರದಲ್ಲಿ 21 ದಿನ ನೋವು. ಅಲೆಕ್ಸಾಂಡರ್ ಪದ್ಧತಿಯ 24 ಪಾಠ ಆದವರಿಗೆ? ಮೂರೇ ದಿನ! ಆರು ಪಾಠ ಆದವರಿಗೆ 11. ನೋವಿನ ಲೆಕ್ಕ ರೋಗಿಗಳೇ ಹೇಳಿದ್ದು, ಗುರುವಿನ ಗಮನವೇ ಒಂದು ಔಷಧಿಯಾಗಿರಲೂಬಹುದು. ಆದರೂ ವರ್ಷ ಕಳೆದಮೇಲೂ ಉಳಿದಿರುವ ಫಲವನ್ನು ತಳ್ಳಿಹಾಕುವುದು ಕಷ್ಟ. ತಲೆ, ಕತ್ತು, ಬೆನ್ನಿನ ಸಂಬಂಧವೇ ಇಡೀ ಮೈಯ ಚಾಲಕ ಎಂಬ ಅಲೆಕ್ಸಾಂಡರನ ದೊಡ್ಡ ಮಾತು ಮಾತ್ರ ಹೀಗೆ ಸಾಬೀತಾಗಿಲ್ಲ.

ಬದುಕಿದ್ದಾಗ ಅವನನ್ನು ಢೋಂಗಿ ಎಂದವರೂ ಇದ್ದರು. 1944ರಲ್ಲಿ ದಕ್ಷಿಣ ಆಫ್ರಿಕಾದ ಪತ್ರಿಕೆಯೊಂದರಲ್ಲಿ ಹಾಗೆಂದೇ ಅಚ್ಚಾಯಿತು. ಮಾನನಷ್ಟದ ದಾವೆ ಹೂಡಿದ. ವಿಚಾರಣೆಗೆ ಸ್ವಲ್ಪವೇ ಮುಂಚೆ, 1947ರ ಕೊನೆಯಲ್ಲಿ, 78ನೇ ವಯಸ್ಸಿನಲ್ಲಿ ಲಕ್ವ ಹೊಡೆದು ಮಲಗಿದ. ಮುಗಿಯಿತು ಎಂದುಕೊಂಡರು ಜನ. ಅವನು ಹಡಗು ಹತ್ತಲಾಗದಿದ್ದರೂ ದಾವೆ ಗೆದ್ದಿತು, ಸಾವಿರ ಪೌಂಡ್ ಪರಿಹಾರ ಸಿಕ್ಕಿತು. ಅಷ್ಟರಲ್ಲಿ ಇತ್ತ ಲಂಡನ್ನಿನಲ್ಲಿ ಮುದುಕ ಎದ್ದು ಕೂತಿದ್ದ. 1955ರಲ್ಲಿ, 86ನೇ ವಯಸ್ಸಿನಲ್ಲಿ ಸಾಯುವುದಕ್ಕೆ ಕೆಲವೇ ದಿನ ಮುಂಚಿನವರೆಗೂ ಪಾಠ ಹೇಳುತ್ತಲೇ ಇದ್ದ.