ಹಡಗಿನ ಪ್ರವಾಸ: ಹಿಮದ ಕಡಲೋ, ಹವಳದ ದ್ವೀಪವೋ?

ಹಡಗಿನಲ್ಲಿ ನಾಲ್ಕಾರು ದಿನ ಕಡಲ ಮೇಲೆ ಸುತ್ತಿ ಬರುವ ಪ್ರವಾಸ ಈಗ ನಮಗೆ ತೀರ ದೂರದ ಮಾತಲ್ಲ. ಮಳೆಗಾಲ ಕಳೆದ ಮೇಲೆ ನವಮಂಗಳೂರು ಬಂದರಿಗೆ ವಿದೇಶಿ ಪ್ರವಾಸಿ ಹಡಗುಗಳು ಬರುತ್ತವೆ. ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಪ್ರಯಾಣಿಕರ ಹಡಗುಗಳಿವೆ. ಕಾಫಿಗೆ ಒಳ್ಳೆಯ ಬೆಲೆ ಸಿಕ್ಕಿದ ವರ್ಷ ಹೊರನಾಡು, ಕಳಸ, ಮೂಡಿಗೆರೆ ಕಡೆಯ ಮನೆಗಳಲ್ಲೂ ಒಂದು ಪ್ರಶ್ನೆ ಏಳಬಹುದು: ಉತ್ತರದ ಹಿಮದ ಕಡಲಿಗೆ ಹೋಗುವುದೋ, ಹವಳದ ದ್ವೀಪಗಳಿಗೆ ಹೋಗುವುದೋ? ಬಣ್ಣದ ಚಿತ್ರಗಳನ್ನು ನೋಡಿ ಉತ್ತರ ಹೇಳುವವರೇ ಹೆಚ್ಚು. ಆದರೆ ಸರಿಯಾದ ಉತ್ತರ ಭೂಗೋಳದಲ್ಲಿದೆ, ತೋಟದ ಕೆಲಸದ ಪಂಚಾಂಗದಲ್ಲಿದೆ.

ಎರಡು ಬಗೆಯ ಕಡಲು

ಉತ್ತರದ ಪ್ರವಾಸವೆಂದರೆ ಮುಖ್ಯವಾಗಿ ನಾರ್ವೆ ಮತ್ತು ಅಲಾಸ್ಕದ ಕರಾವಳಿ. ಅಲ್ಲಿ ಕಡಲು ಬೆಟ್ಟಗಳ ನಡುವೆ ಕಿರಿದಾದ ಕಾಲುವೆಯಂತೆ ಒಳನುಗ್ಗಿದೆ. ಇವೇ ಫ್ಯೋರ್ಡ್‌ಗಳು. ಹೊರನಾಡಿನ ಬಳಿ ಭದ್ರಾ ನದಿಯ ಕಣಿವೆಯನ್ನು ಕೊರೆದದ್ದು ಹರಿಯುವ ನೀರು. ಫ್ಯೋರ್ಡ್‌ಗಳನ್ನು ಕೊರೆದದ್ದು ಹಿಮನದಿ. ನೀರು ಕೊರೆದ ಕಣಿವೆಯ ತಳ ಸಾಮಾನ್ಯವಾಗಿ ಇಕ್ಕಟ್ಟು. ಹಿಮನದಿ ಕೊರೆದದ್ದರ ತಳ ಅಗಲ, ಗೋಡೆ ಕಡಿದು. ಹಿಮ ಕರಗಿದ ಮೇಲೆ ಆ ಕಣಿವೆಗೆ ಕಡಲು ನುಗ್ಗಿತು.

ಲಕ್ಷದ್ವೀಪದ ಕಥೆಯೇ ಬೇರೆ. ಅದನ್ನು ಕಟ್ಟಿದ್ದು ಹವಳ ಎಂಬ ಪುಟ್ಟ ಜೀವಿ. ಮುಳುಗುತ್ತಿರುವ ಜ್ವಾಲಾಮುಖಿ ಬೆಟ್ಟದ ಸುತ್ತ ಹವಳದ ದಿಬ್ಬ ಮೇಲಕ್ಕೆ ಬೆಳೆಯುತ್ತ ಹೋದರೆ, ಕೊನೆಗೆ ಉಂಗುರದಂಥ ದ್ವೀಪ ಉಳಿಯುತ್ತದೆ ಎಂದು ಚಾರ್ಲ್ಸ್ ಡಾರ್ವಿನ್ 1842ರಲ್ಲಿ ವಿವರಿಸಿದ. ಈ ದ್ವೀಪಗಳು ಕಡಲ ಮಟ್ಟಕ್ಕಿಂತ ಕೆಲವೇ ಮೀಟರು ಎತ್ತರ. ಬೆಟ್ಟವಿಲ್ಲ, ಹೊಳೆಯಿಲ್ಲ. ಮಳೆಯ ಸಿಹಿನೀರು ಮರಳಿನಡಿ ಉಪ್ಪುನೀರಿನ ಮೇಲೆ ತೆಳ್ಳಗೆ ನಿಂತಿರುತ್ತದೆ. ಬಾವಿಯಲ್ಲಿ ಹೆಚ್ಚು ಸೇದಿದರೆ ಉಪ್ಪು ಏರುತ್ತದೆ. ಅದಕ್ಕಾಗಿಯೇ ಕವರತ್ತಿಯಲ್ಲಿ 2005ರಲ್ಲಿ ಕಡಲ ನೀರನ್ನು ಸಿಹಿ ಮಾಡುವ ಘಟಕ ಆರಂಭವಾಯಿತು. ಹಳ್ಳ, ತೊರೆಗಳ ನಡುವೆ ಬೆಳೆದ ಮಲೆನಾಡಿನ ವಿದ್ಯಾರ್ಥಿಗೆ ಇದಕ್ಕಿಂತ ಹೊಸ ಪಾಠ ಬೇಕೆ?

ಒಂದೇ ಸೂರ್ಯ, ಎರಡು ಹಂಗಾಮು

ಭೂಮಿಯ ಓಲಿನಿಂದಾಗಿ ಜೂನ್ ತಿಂಗಳಲ್ಲಿ ಉತ್ತರಾರ್ಧಗೋಳ ಸೂರ್ಯನತ್ತ ವಾಲಿರುತ್ತದೆ. ಇದರಿಂದ ಎರಡು ಪರಿಣಾಮಗಳಾಗುತ್ತವೆ. ನಮ್ಮ ನೆಲ ಕಾದು ನೈಋತ್ಯ ಮಾರುತ ಬೀಸಿ, ಅರಬ್ಬೀ ಸಮುದ್ರ ಉಕ್ಕುತ್ತದೆ, ಘಟ್ಟದಲ್ಲಿ ಜಡಿಮಳೆ ಹಿಡಿಯುತ್ತದೆ. ಅದೇ ವೇಳೆಗೆ ನಾರ್ವೆಯ ಉತ್ತರ ಭಾಗದ ನಾರ್ಡ್‌ಕ್ಯಾಪ್‌ನಲ್ಲಿ ಮೇ ಮಧ್ಯದಿಂದ ಜುಲೈ ಕೊನೆಯವರೆಗೆ ಸೂರ್ಯ ಮುಳುಗುವುದೇ ಇಲ್ಲ. ಅಲಾಸ್ಕದ ಪ್ರವಾಸಿ ಹಡಗುಗಳಿಗೂ ಮೇಯಿಂದ ಸೆಪ್ಟೆಂಬರ್‌ವರೆಗೆ ಹಂಗಾಮು. ಅಂದರೆ ದ್ವೀಪದ ಬಾಗಿಲು ಮುಚ್ಚುವಾಗ ಹಿಮದ ಕಡಲಿನ ಬಾಗಿಲು ತೆರೆಯುತ್ತದೆ. ಲಕ್ಷದ್ವೀಪಕ್ಕೆ ಅಕ್ಟೋಬರ್‌ನಿಂದ ಮೇ ಮಧ್ಯದವರೆಗಿನ ಕಾಲ ಒಳ್ಳೆಯದು.

ತೋಟದ ಪಂಚಾಂಗ

ಇನ್ನು ನಮ್ಮ ಮನೆಯ ಲೆಕ್ಕ. ನವೆಂಬರ್‌ನಿಂದ ಜನವರಿಯವರೆಗೆ ಅರೇಬಿಕ ಕೊಯ್ಲು, ಆಮೇಲೆ ಮಾರ್ಚ್‌ವರೆಗೆ ರೊಬಸ್ಟ. ಕಣದಲ್ಲಿ ಕಾಫಿ ಒಣಗುತ್ತಿರುವಾಗ ಮನೆಯವರೆಲ್ಲ ಹಡಗು ಹತ್ತುವಂತಿಲ್ಲ. ಮಳೆಗಾಲ ಬಿಡುವಿನದೆಂದು ಹೊರಗಿನವರು ತಿಳಿಯಬಹುದು. ಆದರೆ ಆಗ ಅಡಿಕೆಗೆ ಕೊಳೆರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಯಬೇಕು. ಶಾಲೆಗಳೂ ತೆರೆದಿರುತ್ತವೆ. ಉಳಿಯುವುದು ಹೂಮಳೆ ಬಿದ್ದ ಮೇಲಿನ ಏಪ್ರಿಲ್ ಮತ್ತು ಮೇ ಮೊದಲ ವಾರ. ಆಗ ಶಾಲೆಗೆ ರಜೆ, ದ್ವೀಪದ ಕಡಲು ಇನ್ನೂ ಶಾಂತ. ಉತ್ತರದಲ್ಲಿ ಮಾತ್ರ ಹಂಗಾಮು ಸರಿಯಾಗಿ ಆರಂಭವಾಗಿರುವುದಿಲ್ಲ.

ಹಣದ ಮಾತೂ ಇದೆ. ಉತ್ತರಕ್ಕೆ ಪಾಸ್‌ಪೋರ್ಟ್, ವೀಸಾ, ದೂರದ ವಿಮಾನಯಾನ, ಉಣ್ಣೆಯ ಬಟ್ಟೆ ಎಲ್ಲವೂ ಬೇಕು. ಲಕ್ಷದ್ವೀಪಕ್ಕೆ ಪಾಸ್‌ಪೋರ್ಟ್ ಬೇಡ. ಆದರೆ ಪ್ರವೇಶದ ಪರವಾನಗಿ ಮೊದಲೇ ಪಡೆಯಬೇಕು.

ಹಾಗಾದರೆ ಯಾವುದು?

ಮೊದಲ ಪ್ರವಾಸ ಲಕ್ಷದ್ವೀಪಕ್ಕಾಗಲಿ ಎಂಬುದು ನಮ್ಮ ಸಲಹೆ. ಅದು ನಮಗೆ ಪರನಾಡೂ ಅಲ್ಲ. ಅಮಿನಿ, ಕಡಮತ್, ಕಿಲ್ತಾನ್ ಮುಂತಾದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲಿದ್ದವು. ಅಲ್ಲಿನವರು ತೆಂಗಿನ ನಾರಿನ ಹುರಿಯನ್ನು ಹಾಯಿಹಡಗಿನಲ್ಲಿ ಮಂಗಳೂರಿಗೆ ತಂದು ಅಕ್ಕಿ ಒಯ್ಯುತ್ತಿದ್ದರು.

ಮತ್ತೊಂದು ಕಾರಣ ಹೆಚ್ಚು ಗಂಭೀರವಾದುದು. ಕಡಲ ನೀರು ವಿಪರೀತ ಬಿಸಿಯಾದಾಗ ಹವಳ ಬಿಳಿಚಿಕೊಳ್ಳುತ್ತದೆ; ಬಿಸಿ ಇಳಿಯದಿದ್ದರೆ ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010 ಮತ್ತು 2016ರಲ್ಲಿ ಹೀಗಾಯಿತು. ಉತ್ತರದ ಹಿಮನದಿಗಳೂ ಅದೇ ಬಿಸಿಗೆ ಹಿಂದೆ ಸರಿಯುತ್ತಿವೆ. ಆದುದರಿಂದ ಎಲ್ಲಿಗೆ ಹೋದರೂ ನೋಡಲು ಹೋಗಿ, ಕೀಳಲು ಹೋಗಬೇಡಿ. ಹವಳದ ಒಂದು ತುಂಡನ್ನೂ ತರಬೇಡಿ. ದೊಡ್ಡ ಹಡಗು ಸುಡುವ ಎಣ್ಣೆಯೂ ಈ ಬಿಸಿಗೆ ಕಾರಣವಾದವುಗಳಲ್ಲಿ ಒಂದು ಎಂಬುದು ನೆನಪಿರಲಿ.

ಮಾಡಿ ನೋಡಿ: ಹನ್ನೆರಡು ತಿಂಗಳುಗಳ ಪಟ್ಟಿ ಬರೆಯಿರಿ. ಪ್ರತಿ ತಿಂಗಳ ಮುಂದೆ ನಿಮ್ಮ ಮನೆಯ ಕೆಲಸ, ಅರಬ್ಬೀ ಸಮುದ್ರದ ಸ್ಥಿತಿ, ನಾರ್ಡ್‌ಕ್ಯಾಪ್‌ನ ಹಗಲು ಇವನ್ನು ತುಂಬಿರಿ. ನಿಮ್ಮ ಪ್ರವಾಸ ಯಾವ ಕಡೆಗೆಂದು ಆ ಪಟ್ಟಿಯೇ ಹೇಳುತ್ತದೆ.