ಹಸಿದ ದೇಹದ ಚೇತರಿಕೆ

ತೂಕ ಹೆಚ್ಚುವ ಭಯದಿಂದ ಊಟವನ್ನೇ ಬಿಡುತ್ತ ಹೋಗುವ ಅನೋರೆಕ್ಸಿಯಾ ಎಂಬ ಕಾಯಿಲೆಗೆ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನತ್ತ ನೋಡುವ ದೊಡ್ಡಬಳ್ಳಾಪುರ, ಹೊಸಕೋಟೆಗಳ ಕುಟುಂಬಗಳು, ಮನಸ್ಸಿನಂತೆಯೇ ದೇಹದ ಚೇತರಿಕೆಗೂ ವೈದ್ಯರ ನಿಗಾ ಬೇಕೆಂಬುದನ್ನು ಅರಿಯಬೇಕು. ದೀರ್ಘಕಾಲ ಹಸಿದವರಿಗೆ ಪ್ರೀತಿಯಿಂದಲೇ ಆದರೂ ಒಮ್ಮೆಲೇ ಹೊಟ್ಟೆ ತುಂಬ ಉಣಿಸಿದರೆ, ಏರುವ ಇನ್ಸುಲಿನ್ ರಕ್ತದಲ್ಲಿನ ಫಾಸ್ಫೇಟ್, ಪೊಟ್ಯಾಸಿಯಂಗಳನ್ನು ಜೀವಕೋಶಗಳೊಳಗೆ ಸೆಳೆಯುವುದರಿಂದ ಹೃದಯದ ಬಡಿತ ಏರುಪೇರಾಗಿ ಪ್ರಾಣಕ್ಕೇ ಕುತ್ತು ಬರಬಹುದು. ರೀಫೀಡಿಂಗ್ ಸಿಂಡ್ರೋಮ್ ಎಂಬ ಈ ಅಪಾಯವನ್ನು ಬಿಡುಗಡೆಗೊಂಡ ಎರಡನೇ ಮಹಾಯುದ್ಧದ ಸೆರೆಯಾಳುಗಳಲ್ಲಿ ವೈದ್ಯರು ಕಂಡಿದ್ದರು. ಆದ್ದರಿಂದಲೇ ಆರಂಭದ ದಿನಗಳಲ್ಲಿ ರಕ್ತಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಿ, ಥಯಮಿನ್ ಎಂಬ ಜೀವಸತ್ವ ಕೊಟ್ಟು, ಆಹಾರವನ್ನು ಹಂತಹಂತವಾಗಿ ಹೆಚ್ಚಿಸಲಾಗುತ್ತದೆ. ಕಾಯಿಲೆಯಿಂದ ನಿಂತ ಮುಟ್ಟು ತೂಕದೊಡನೆ ಸಾಮಾನ್ಯವಾಗಿ ಮರಳಿದರೂ ಕುಗ್ಗಿದ ಮೂಳೆಯ ಸಾಂದ್ರತೆ ಬಹಳ ನಿಧಾನವಾಗಿ ತುಂಬುತ್ತದೆ. ದೊಡ್ಡಬಳ್ಳಾಪುರ, ಹೊಸಕೋಟೆಗಳ ಹೊಲಗಳಲ್ಲಿ ಬೆಳೆಯುವ ರಾಗಿಯ 100 ಗ್ರಾಂನಲ್ಲಿ 300 ಮಿಲಿಗ್ರಾಂಗೂ ಮೀರಿದ ಕ್ಯಾಲ್ಸಿಯಂ ಇದ್ದರೂ, ತೂಕ ಮರಳದೆ ಅದೊಂದೇ ಮೂಳೆಯನ್ನು ಕಾಪಾಡಲಾರದು.