ಗಾಳಿಮಳೆಯ ರಾತ್ರಿ ಒಂದು ಉಸಿರಿನ ಲೆಕ್ಕ

ರೋಹಿಣಿ ಮಳೆಗೆ ಓಣಿಯೆಲ್ಲ ಜೋಳ ಎನ್ನುತ್ತಿದ್ದರು ನಮ್ಮ ಹಿರಿಯರು. ಬೆಂಗಳೂರಿನ ಓಣಿಗಳಲ್ಲಿ ಈಗ ಜೋಳ ಬೆಳೆಯುವುದಿಲ್ಲ. 2024ರ ಜೂನ್ 2ರ ಭಾನುವಾರ ಸಂಜೆ ಸುರಿದ ರೋಹಿಣಿ ಮಳೆ ಆರ್.ಟಿ. ನಗರದ ನಮ್ಮ ಓಣಿಗೆ ಒಂದು ಗುಲ್‌ಮೊಹರ್ ಮರವನ್ನು ಕೆಡವಿ ಹೋಯಿತು. ಅಂದು ನಗರದಲ್ಲಿ ಬಿದ್ದ ಮಳೆ 111.1 ಮಿಲಿಮೀಟರ್. ಜೂನ್ ತಿಂಗಳಿನಲ್ಲಿ ಒಂದೇ ದಿನ ಇಷ್ಟು ಮಳೆ ಹಿಂದೆಂದೂ ದಾಖಲಾಗಿರಲಿಲ್ಲ. 1891ರ ಜೂನ್ 16ರ 101.6 ಮಿಲಿಮೀಟರಿನ ದಾಖಲೆ ಅಳಿಸಿಹೋಯಿತು. ಆದರೆ ಮಳೆಮಾಪಕಕ್ಕೆ ಗಾಳಿಯ ಗೊಡವೆಯಿಲ್ಲ. ನಗರದಾದ್ಯಂತ ನೂರಾರು ಮರಗಳು ಉರುಳಿದವು. ಟ್ರಿನಿಟಿಯ ಬಳಿ ಮೆಟ್ರೊ ಹಳಿಯ ಮೇಲೆಯೇ ಕೊಂಬೆ ಬಿದ್ದು ಸಂಚಾರಕ್ಕೆ ಅಡ್ಡಿಯಾಯಿತು. ನಮ್ಮ ಓಣಿಯ ಮರವಂತೂ ಒಂದು ಕಂಬವನ್ನೂ ಅದರ ತಂತಿಗಳನ್ನೂ ತನ್ನೊಡನೆ ನೆಲಕ್ಕೆ ಎಳೆದುಕೊಂಡಿತು. ಸಂಜೆ ಏಳೂವರೆಗೆ ಹೋದ ಕರೆಂಟು ಮರಳಿದ್ದು ಸೋಮವಾರ ರಾತ್ರಿ ಹತ್ತೂವರೆಗೆ, ಅಂದರೆ 27 ಗಂಟೆಗಳ ನಂತರ.

ಮೊದಲು ಮಾಡಬೇಕಾದ ಕೆಲಸ ಮೊಂಬತ್ತಿ ಹುಡುಕುವುದಲ್ಲ, ನೆಲಕ್ಕೆ ಬಿದ್ದ ತಂತಿಯ ಹತ್ತಿರ ಯಾರೂ ಸುಳಿಯದಂತೆ ನೋಡಿಕೊಳ್ಳುವುದು. ತಂತಿ ನಿಂತ ನೀರಿನಲ್ಲಿ ಮುಳುಗಿತ್ತು. ಅದರಲ್ಲಿ ವಿದ್ಯುತ್ ಇದೆಯೋ ಇಲ್ಲವೋ ನೋಡಿ ಹೇಳುವ ಕಣ್ಣು ಮನುಷ್ಯನಿಗಿಲ್ಲ. ಓಣಿಯ ಎರಡೂ ತುದಿಗೆ ಪ್ಲಾಸ್ಟಿಕ್ ಕುರ್ಚಿಗಳನ್ನು ಅಡ್ಡ ಇಟ್ಟು, ಸರದಿಯ ಮೇಲೆ ಒಬ್ಬೊಬ್ಬರು ಛತ್ರಿ ಹಿಡಿದು ನಿಂತೆವು.

ಮೊದಲ ಒಂದು ಗಂಟೆಯ ಕತ್ತಲೆಗೆ ಅದರದೇ ಆದ ಸುಖವಿದೆ. ಟಿ.ವಿ. ಬಾಯಿ ಮುಚ್ಚುತ್ತದೆ, ಮಕ್ಕಳು ಮೆಟ್ಟಿಲಿಗೆ ಬರುತ್ತಾರೆ, ವರ್ಷಗಳಿಂದ ಕೇವಲ ಕಾರಿನ ಗಾಜಿನಲ್ಲಿ ಕಂಡ ನೆರೆಯವರು ಮಾತಿಗೆ ಸಿಗುತ್ತಾರೆ. ಅಂದಿನ ಮಾತೆಲ್ಲ ಒಂದೇ: ಮಂಗಳವಾರ ಲೋಕಸಭೆಯ ಮತ ಎಣಿಕೆ, ಅಷ್ಟರೊಳಗೆ ಕರೆಂಟು ಬರುವುದೇ? ಎರಡನೆಯ ಗಂಟೆಯಿಂದ ಲೆಕ್ಕ ಶುರುವಾಗುತ್ತದೆ. ಮನೆಯ ಇನ್ವರ್ಟರಿನ 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1,800 ವಾಟ್-ಅವರ್ ಇರುತ್ತದೆ. ಕೈಗೆ ದಕ್ಕುವುದು ಅದಕ್ಕಿಂತ ಕಡಿಮೆ. ಎರಡು ಫ್ಯಾನು, ನಾಲ್ಕು ದೀಪ ಹಾಕಿಕೊಂಡು ಕುಳಿತರೆ ನಡುರಾತ್ರಿಗೆ ಮುಗಿಯಿತು. ಚಾವಣಿಯ ಸೌರಫಲಕ ನೆಚ್ಚಿಕೊಂಡವರಿಗೆ ಬೆಳಿಗ್ಗೆ ಇನ್ನೊಂದು ನಿರಾಸೆ ಕಾದಿರುತ್ತದೆ. ಬ್ಯಾಟರಿಯಿಲ್ಲದೆ ನೇರ ವಿದ್ಯುತ್ ಜಾಲಕ್ಕೆ ಜೋಡಿಸಿದ ಫಲಕಗಳು, ಎಷ್ಟೇ ಬಿಸಿಲಿದ್ದರೂ, ಜಾಲದಲ್ಲಿ ವಿದ್ಯುತ್ ಇಲ್ಲದಾಗ ತಾವಾಗಿ ನಿಂತುಬಿಡುತ್ತವೆ. ಕಂಬದ ಮೇಲೆ ಕೆಲಸ ಮಾಡುವವನ ಪ್ರಾಣ ಉಳಿಸಲೆಂದೇ ಈ ಏರ್ಪಾಡು, ಆದ್ದರಿಂದ ದೂರುವಂತಿಲ್ಲ.

ಬೆಳಿಗ್ಗೆಯ ಹೊತ್ತಿಗೆ ಕತ್ತಲೆಗಿಂತ ದೊಡ್ಡ ಕಷ್ಟ ನೀರಿನದಾಯಿತು. ಅದೇ ವರ್ಷದ ಮಾರ್ಚ್, ಏಪ್ರಿಲ್‌ಗಳಲ್ಲಿ ಕೊಳವೆಬಾವಿಗಳು ಬತ್ತಿ, ಟ್ಯಾಂಕರಿಗೆ ಕಾದು ಕಾದು ಸುಸ್ತಾದ ನಗರ ಇದು. ಈಗ ಸಂಪಿನ ತುಂಬ ನೀರಿದೆ, ಮೇಲಿನ ತೊಟ್ಟಿಗೆ ಏರಿಸುವ ಮೋಟರಿಗೆ ಜೀವವಿಲ್ಲ! ಹಗ್ಗ ಕಟ್ಟಿದ ಬಕೆಟ್ಟಿನಿಂದ ಸೇದಿ, ಮಹಡಿಗೆ ಹೊತ್ತೆವು. ಹಾಗೆ ಹೊರುವಾಗ ನನಗೆ ನೆನಪಾದದ್ದು ಶಿವನಸಮುದ್ರ. 1902ರಲ್ಲಿ ಅಲ್ಲಿ ಕಾವೇರಿ ಧುಮುಕಿದ ರಭಸದಿಂದ ಹುಟ್ಟಿದ ವಿದ್ಯುತ್ತು ಮೊದಲು ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿದೀಪಗಳನ್ನು ಬೆಳಗಿತು. ಇಂದು ಅದೇ ಶಿವನಸಮುದ್ರದ ನೆರೆಯಿಂದ, ತೊರೆಕಾಡನಹಳ್ಳಿಯ ಮೂಲಕ, ಸುಮಾರು ನೂರು ಕಿಲೋಮೀಟರ್ ದೂರಕ್ಕೂ ಅರ್ಧ ಕಿಲೋಮೀಟರ್ ಎತ್ತರಕ್ಕೂ ಆ ನದಿಯನ್ನು ಪಂಪುಗಳು ದೂಡುತ್ತವೆ. ಕಾವೇರಿ ನಮಗೆ ಬೆಳಕು ಕೊಟ್ಟಿತು, ಆ ಬೆಳಕಿಲ್ಲದೆ ಈಗ ಕಾವೇರಿಯೇ ಮೇಲೇರಲಾರದು. ಹಗ್ಗ, ಬಕೆಟ್ಟು ಎರಡನ್ನೂ ಪ್ರತಿ ಮನೆಯೂ ಜೋಪಾನವಾಗಿಡುವುದು ಲೇಸು.

ಇದೆಲ್ಲ ಅನನುಕೂಲದ ಮಾತಾಯಿತು. ಅಂದಿನ ರಾತ್ರಿಯ ನಿಜವಾದ ಆತಂಕ ಇದ್ದದ್ದು ಎದುರಿನ ಕಟ್ಟಡದ ಮೂರನೆಯ ಮಹಡಿಯಲ್ಲಿ. ಅಲ್ಲಿರುವ ನಿವೃತ್ತ ಮೇಷ್ಟ್ರು ಕೋವಿಡ್ ಬಳಿಕ ಶ್ವಾಸಕೋಶದ ತೊಂದರೆಯಿಂದ ಆಕ್ಸಿಜನ್ ಕಾನ್ಸಂಟ್ರೇಟರನ್ನೇ ಅವಲಂಬಿಸಿದವರು. ಗಾಳಿಯಿಂದ ಆಮ್ಲಜನಕವನ್ನು ಸೋಸಿ ಕೊಡುವ ಈ ಯಂತ್ರಕ್ಕೆ ಮುನ್ನೂರೈವತ್ತು ವಾಟ್ ಬೇಕು. ದೀಪದಂತೆ ಆರಿಸಿ ಉಳಿತಾಯ ಮಾಡುವಂತಿಲ್ಲ. ಹತ್ತೂವರೆಗೆ ಅವರ ಇನ್ವರ್ಟರು ಕೀಂ ಎಂದು ಕೂಗತೊಡಗಿತು. ಮೇಷ್ಟ್ರ ಮಡದಿ ಬಾಲ್ಕನಿಯಿಂದ, "ಅಣ್ಣಾ, ನಿಮ್ಮಲ್ಲಿ ಬ್ಯಾಟರಿ ಇನ್ನೂ ಇದೆಯೇ?" ಎಂದು ಕೇಳಿದರು. ನಾವು ಒಂಬತ್ತಕ್ಕೇ ಫ್ಯಾನು ಆರಿಸಿದ್ದರಿಂದ ಇತ್ತು. ಅರವತ್ತು ಕೆ.ಜಿ. ತೂಕದ ಆಸಿಡ್ ತುಂಬಿದ ಬ್ಯಾಟರಿಯನ್ನು ನಾಲ್ವರು ಹುಡುಗರು ಓರೆಯಾಗದಂತೆ ಹಿಡಿದು, ಮೊಬೈಲ್ ಬೆಳಕಿನಲ್ಲಿ ಮೂರು ಮಹಡಿ ಹತ್ತಿಸಿದರು. ಬ್ಯಾಟರಿ ಬದಲಾಯಿಸುವ ಹತ್ತು ನಿಮಿಷ ಮನೆಯಲ್ಲಿದ್ದ ಪುಟ್ಟ ಸಿಲಿಂಡರು ಕೆಲಸಕ್ಕೆ ಬಂತು. ಬ್ಯಾಟರಿಯಿಂದ ಸಿಕ್ಕಿದ್ದು ಮೂರು ಗಂಟೆಯ ಅವಕಾಶ. ಅಷ್ಟರಲ್ಲಿ ಇಬ್ಬರು ಸ್ಕೂಟರಿನಲ್ಲಿ, ಬಿದ್ದ ಮರಗಳನ್ನು ಬಳಸಿಕೊಂಡು ಹೋಗಿ, ಬಾಡಿಗೆಗೆ ಕೊಡುವವರನ್ನು ಎಬ್ಬಿಸಿ 1,500 ಲೀಟರಿನ ಸಿಲಿಂಡರು ತಂದರು. ನಿಮಿಷಕ್ಕೆ ಎರಡು ಲೀಟರಿನಂತೆ ಅದು ಹನ್ನೆರಡು ಗಂಟೆ. ಮಧ್ಯಾಹ್ನಕ್ಕೆ ಇನ್ನೊಂದು ಬಂತು.

ನಮ್ಮ ಓಣಿಯಲ್ಲಿ ಹುಡುಗರಿದ್ದರು, ಹಣವಿತ್ತು, ಪರಿಚಯವಿತ್ತು. ಇವಾವುವೂ ಇಲ್ಲದ ಮನೆಗಳ ಗತಿಯೇನು? 2021ರ ಎರಡನೆಯ ಅಲೆಯ ನಂತರ ಇಂತಹ ಯಂತ್ರಗಳು ಎಷ್ಟೋ ಮನೆಗಳನ್ನು ಸೇರಿವೆ. ಮರ ಬಿದ್ದ ರಾತ್ರಿ ಯಾವ ತಂತಿಯನ್ನು ಮೊದಲು ಕಟ್ಟಬೇಕು ಎಂಬ ಲೆಕ್ಕ ತಾಂತ್ರಿಕವಾದದ್ದು: ಮೊದಲು 11 ಕಿಲೋವೋಲ್ಟಿನ ಫೀಡರ್, ಆಮೇಲೆ ಟ್ರಾನ್ಸ್‌ಫಾರ್ಮರ್, ಕೊನೆಗೆ ಓಣಿ, ಮನೆ. ಒಂದೇ ದುರಸ್ತಿಯಿಂದ ಹೆಚ್ಚು ಮನೆಗಳಿಗೆ ಬೆಳಕು ಸಿಗಲಿ ಎಂಬ ಈ ಕ್ರಮ ಸರಿಯೇ. ಆದರೆ ಯಾವ ಟ್ರಾನ್ಸ್‌ಫಾರ್ಮರಿನ ಕೆಳಗೆ ಯಾರ ಉಸಿರು ನಿಂತಿದೆ ಎಂಬುದು ಆ ಲೆಕ್ಕದಲ್ಲಿ ಕಾಣಬೇಡವೇ? ಬ್ರಿಟನ್ನಿನಲ್ಲಿ ವೈದ್ಯಕೀಯ ಉಪಕರಣ ನೆಚ್ಚಿದವರು, ವೃದ್ಧರು, ಹಸುಗೂಸುಗಳಿರುವ ಮನೆಯವರು ಆದ್ಯತಾ ಸೇವೆಯ ಪಟ್ಟಿಯಲ್ಲಿ ಹೆಸರು ಬರೆಸಬಹುದು. ವಿದ್ಯುತ್ ಹೋದಾಗ ಅವರನ್ನು ವಿಚಾರಿಸಿ ನೆರವಾಗುವುದು ಕಂಪನಿಗಳ ಹೊಣೆ. ಆಸ್ಟ್ರೇಲಿಯಾದಲ್ಲಿ ಜೀವರಕ್ಷಕ ಉಪಕರಣವಿರುವ ಮನೆಯ ನೋಂದಣಿಗೆ ಕಾನೂನಿನ ರಕ್ಷಣೆಯೇ ಇದೆ. ನಮಗೆ ಇದು ದುಸ್ಸಾಧ್ಯವೇನಲ್ಲ. 2023ರಲ್ಲಿ ಗೃಹಜ್ಯೋತಿ ಯೋಜನೆಗಾಗಿ ಒಂದು ಕೋಟಿಗೂ ಹೆಚ್ಚು ಮನೆಗಳ ನೋಂದಣಿಯನ್ನು ಸರ್ಕಾರ ಕೆಲವೇ ತಿಂಗಳಲ್ಲಿ ಮುಗಿಸಿತು. ಶೂನ್ಯ ಬಿಲ್ಲಿಗಾಗಿ ಸಾಧ್ಯವಾದದ್ದು ಉಸಿರಿಗಾಗಿ ಆಗದೇ? ವೈದ್ಯರ ಒಂದು ಚೀಟಿ, ಮೀಟರಿನ ಆರ್.ಆರ್. ಸಂಖ್ಯೆ, ಒಂದು ಫೋನ್ ನಂಬರು, ಇಷ್ಟು ಸಾಕು. ಕರೆಂಟು ಬೇಗ ಕೊಡಲಾಗದಿದ್ದರೆ, ಎಷ್ಟು ಹೊತ್ತಾಗಬಹುದೆಂದು ಹೇಳಿ ಒಂದು ಸಿಲಿಂಡರು ತಲುಪಿಸಲಿ.

ಮರುದಿನ ಬೆಳಿಗ್ಗೆ ಓಣಿಯಲ್ಲಿ ಇನ್ನೊಂದು ವಾದ ಎದ್ದಿತು: ಉಳಿದ ಮರಗಳನ್ನೂ ಕಡಿಸಿಬಿಡೋಣ. ಆ ಸಿಟ್ಟು ನನಗೆ ಅರ್ಥವಾಗುತ್ತದೆ, ಒಪ್ಪಿಗೆಯಾಗುವುದಿಲ್ಲ. ಮಡಗಾಸ್ಕರ್ ಮೂಲದ ಗುಲ್‌ಮೊಹರ್‌ನ ಬೇರು ಆಳಕ್ಕಿಳಿಯುವುದಿಲ್ಲ, ಕೊಂಬೆಗಳು ಪೆಡಸು, ನಿಜ. ಆದರೆ ಬಿದ್ದ ಮರದ ಬುಡವನ್ನು ಬಗ್ಗಿ ನೋಡಿದರೆ ನಮ್ಮ ಕೈವಾಡವೂ ಕಾಣುತ್ತಿತ್ತು. ಚರಂಡಿಯ ಕಡೆಯ ಬೇರುಗಳು ಗರಗಸದಲ್ಲಿ ಕೊಯ್ದಂತೆ ನೆಟ್ಟಗೆ ತುಂಡಾಗಿದ್ದವು. ಸುತ್ತ ಕಾಂಡದವರೆಗೆ ಕಾಂಕ್ರೀಟು. ತಂತಿಗೆ ತಾಗದಿರಲೆಂದು ವರ್ಷವರ್ಷವೂ ಒಂದೇ ಪಕ್ಕದ ಕೊಂಬೆಗಳನ್ನು ಕಡಿದಿದ್ದರಿಂದ ಭಾರವೆಲ್ಲ ಮತ್ತೊಂದು ಪಕ್ಕಕ್ಕೆ ವಾಲಿತ್ತು. ದೆಹಲಿಯ ಮರಗಳ ಬುಡದಿಂದ ಒಂದು ಮೀಟರ್ ಸುತ್ತಲಿನ ಕಾಂಕ್ರೀಟು ತೆಗೆಯುವಂತೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಆದೇಶಿಸಿತ್ತು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಈ ನಗರದಲ್ಲಿ ಸುಮಾರು 15 ಲಕ್ಷ ಸಸಿ ನೆಡಿಸಿದ್ದನ್ನು ಕೊಂಡಾಡುವ ನಾವು, ಆ ಸಸಿಗಳಿಗೆ ಒಂದು ಮೀಟರ್ ಮಣ್ಣು ಬಿಡಲು ಜಿಪುಣರಾದೆವು.

ಸೋಮವಾರ ಸಂಜೆ ಮರ ಕತ್ತರಿಸುವವರು ಹೋದ ಮೇಲೆ ಲೈನ್‌ಮನ್‌ಗಳು ಬಂದರು. ಇಲಾಖೆಯಲ್ಲಿ ಈಗ ಅವರ ಹೆಸರು ಪವರ್‌ಮ್ಯಾನ್. ಓಣಿಗೆ ಇನ್ನೂ ಲೈನ್‌ಮನ್ನೇ. ಹಿಂದಿನ ರಾತ್ರಿಯಿಂದ ಮಲಗಿರಲಿಲ್ಲವೆಂದು ಮುಖವೇ ಹೇಳುತ್ತಿತ್ತು. ಬಂದವರಲ್ಲಿ ಹಿರಿಯರು ಏಣಿ ಇಳಿಸುವ ಮೊದಲು ಫೋನಿನಲ್ಲಿ ಲೈನ್ ಕ್ಲಿಯರ್ ಪಡೆದರು. ಅಂದರೆ ಆ ಮಾರ್ಗಕ್ಕೆ ವಿದ್ಯುತ್ ಹರಿಸುವುದಿಲ್ಲ ಎಂಬ ಭರವಸೆ. ಆಮೇಲೆ ಕಿವಿಗೊಟ್ಟು ಆಲಿಸಿ, "ಯಾರ ಮನೇಲಿ ಸಾರ್ ಜನರೇಟರ್ ಓಡ್ತಿರೋದು? ಅದು ನಿಲ್ಲೋವರೆಗೂ ನಾನು ಹತ್ತಲ್ಲ" ಎಂದರು. ಸ್ವಿಚ್ಚಿನ ಜೋಡಣೆ ಸರಿಯಿಲ್ಲದಿದ್ದರೆ ಮನೆಯ ಜನರೇಟರಿನ ವಿದ್ಯುತ್ತು ಹಿಮ್ಮುಖವಾಗಿ ತಂತಿಗೆ ಹರಿದು ಮೇಲಿರುವವನನ್ನು ಕೊಲ್ಲಬಲ್ಲದು. ಜನರೇಟರಿನ ಯಜಮಾನರು ಒಂದಿಷ್ಟು ವಾದಿಸಿ, ಕೊನೆಗೆ ಆರಿಸಿದರು.

ಹತ್ತೂವರೆಗೆ ದೀಪ ಹೊತ್ತಿತು, ಓಣಿ ಚಪ್ಪಾಳೆ ತಟ್ಟಿತು, ಮರುಕ್ಷಣವೇ ಎಲ್ಲರೂ ಒಟ್ಟಿಗೆ ನೀರಿನ ಮೋಟರು ಹಾಕಿದರು. ನಾಲ್ಕನೆಯ ನಿಮಿಷಕ್ಕೆ ಟ್ರಾನ್ಸ್‌ಫಾರ್ಮರಿನ ಫ್ಯೂಸು ಢಂ ಎಂದಿತು. ಪಕ್ಕದ ಓಣಿಗೆ ಹೊರಟಿದ್ದ ಹಿರಿಯ ಲೈನ್‌ಮನ್ ಹಿಂದಿರುಗಿ ಬಂದು, ಯಾರನ್ನೂ ಬಯ್ಯದೆ, ನಡುರಸ್ತೆಯಲ್ಲಿ ನಿಂತು ಸರದಿ ಹೇಳಿದರು. ಮೊದಲು ಮೂರನೆಯ ಮಹಡಿಯ ಮೇಷ್ಟ್ರ ಯಂತ್ರ. ಆಮೇಲೆ ಎಡಸಾಲಿನ ಮೋಟರುಗಳು, ಒಂದೊಂದಕ್ಕೆ ಹದಿನೈದು ನಿಮಿಷ. ಬಲಸಾಲಿನ ನಮ್ಮ ಪಾಳಿ ಬಂದಾಗ ರಾತ್ರಿ ಒಂದೂವರೆ.